ಕಿವೀಲಿ ಏನಿದೆ ಅಂತ ನಗೋ ಮುಂಚೆ

ನಮ್ಮನೇಲಿ ಕೂಗಿದ್ರೆ ಇಬ್ಬರಿಗೆ ಕೇಳಿಸಲ್ಲ. ಒಬ್ಬರು ನಮ್ಮ ಮಾವನೋರು, ಎಪ್ಪತ್ತೆಂಟು ವರ್ಷ. ಇನ್ನೊಬ್ಬ ನನ್ನ ಮಗ, ಹತ್ತೊಂಬತ್ತು. ಇಬ್ಬರ ಹತ್ರಾನೂ ಕಿವಿಗೆ ಹಾಕ್ಕೊಳ್ಳೋ ಮಿಷನ್ ಇದೆ. ಮಗಂದು ಎದ್ದಾಗಿಂದ ಮಲಗೋವರೆಗೂ ಕಿವೀಲೇ ಇರುತ್ತೆ. ಮಾವನೋರದ್ದು ಬೀರುವಿನಲ್ಲಿ, ಪಾಸ್‌ಬುಕ್ಕುಗಳ ಪಕ್ಕ, ತಂದ ಡಬ್ಬಿ ಸಮೇತ ಇರುತ್ತೆ. ಹಾಕ್ಕೊಂಡಿರೋದಕ್ಕೇ ಕೇಳಿಸದೇ ಇರೋನು ಒಬ್ಬ, ಹಾಕ್ಕೊಂಡ್ರೆ ಕೇಳಿಸೋದಾದ್ರೂ ಹಾಕ್ಕೊಳ್ಳದೇ ಇರೋರು ಇನ್ನೊಬ್ಬರು. ಆದರೆ ನೋಡಿ, ಒಬ್ಬರನ್ನ ಕಿವುಡು ಅಂತೀವಿ, ಇನ್ನೊಬ್ಬನ್ನ ಬಿಜಿ ಅಂತೀವಿ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೋಗಿ, ಸುಮ್ನೆ ಎದುರು ಸಾಲಿನ ಕಿವಿಗಳನ್ನ ನೋಡ್ಕೊಂಡು ಹೋಗಿ. ಹತ್ತು ಜನ ಕೂತಿದ್ರೆ ಅರ್ಧಕ್ಕಿಂತ ಹೆಚ್ಚು ಕಿವೀಲಿ ಬಿಳೀದೋ ಕರೀದೋ ಒಂದು ಬಿರಡೆ. ಕೈಯಲ್ಲಿ ಹೊಳೆಯೋ ವಾಚು. ಯಾರೂ ಯಾರನ್ನೂ ತಿರುಗಿ ನೋಡಲ್ಲ. ಅದೇ ಸಾಲಿನಲ್ಲಿ ಒಬ್ಬ ಹೆಂಗಸು ಕಿವಿ ಹಿಂದೆ ಹಿಯರಿಂಗ್ ಏಡ್ ಹಾಕ್ಕೊಂಡು ಕೂತಿದ್ರೆ, ಕೂದಲು ಎಳ್ಕೊಂಡು ಎಳ್ಕೊಂಡು ಅದನ್ನ ಮುಚ್ತಾ ಇರ್ತಾರೆ. ಸೈಜಿನಲ್ಲಿ ಎರಡೂ ಒಂದೇ. ಕೆಲವು ಸಲ ಹಿಯರಿಂಗ್ ಏಡೇ ಚಿಕ್ಕದು. ಹಾಗಿದ್ರೆ ನಾಚಿಕೆ ಇರೋದು ಮಿಷನ್‌ನಲ್ಲಿ ಅಲ್ಲ, ನೋಡೋರ ಕಣ್ಣಲ್ಲಿ.

ನನ್ನ ತಕರಾರು ಇಷ್ಟೇ. ಮೈಮೇಲೆ ಹಾಕ್ಕೊಳ್ಳೋ ಈ ಹೊಸ ಸಾಮಾನುಗಳಲ್ಲಿ ಯಾವುದು ಮರ್ಯಾದೆ, ಯಾವುದು ನಾಚಿಕೆ ಅಂತ ನಾವು ತೀರ್ಮಾನ ಮಾಡಿರೋದು ತಲೆಕೆಳಗಾಗಿದೆ. ಮನುಷ್ಯರನ್ನ ನಮ್ಮ ಹತ್ತಿರಕ್ಕೆ ತರೋ ಮಿಷನ್ ಕಂಡ್ರೆ ನಗ್ತೀವಿ. ದೂರ ಮಾಡೋದನ್ನ ಹೊಸ ಫ್ಯಾಷನ್ ಅಂತೀವಿ.

ಇಂಥ ತೀರ್ಮಾನಗಳು ಶಾಶ್ವತ ಏನಲ್ಲ. ನೂರು ನೂರಿಪ್ಪತ್ತು ವರ್ಷದ ಹಿಂದೆ ಯೂರೋಪಿನಲ್ಲಿ ಕೈಗಡಿಯಾರ ಅಂದ್ರೆ ಹೆಂಗಸರ ಒಡವೆ. ಗಂಡಸಾದೋನು ಜೇಬಿನಲ್ಲಿ ಸರಪಳಿ ಗಡಿಯಾರ ಇಟ್ಕೋಬೇಕು, ಕೈಗೆ ಕಟ್ಟಿದ್ರೆ ನಗೆಪಾಟಲು. ಮೊದಲನೇ ಮಹಾಯುದ್ಧದಲ್ಲಿ ಕಂದಕದಲ್ಲಿ ಕೂತ ಸೈನಿಕರಿಗೆ ಜೇಬಿಗೆ ಕೈ ಹಾಕೋಕೆ ಪುರುಸೊತ್ತಿರಲಿಲ್ಲ, ಕೈಗೆ ಕಟ್ಟಿದ್ರು. ಯುದ್ಧ ಮುಗಿಯೋ ಹೊತ್ತಿಗೆ ಅದೇ ಗಂಡಸುತನದ ಗುರುತಾಯ್ತು. ನಮ್ಮೂರಿಗೆ ಬಂದ್ರೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಎಚ್‌ಎಂಟಿ ಇಲ್ಲೇ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿತು. ಆಮೇಲೆ ಅಳಿಯನಿಗೆ ಎಚ್‌ಎಂಟಿ ವಾಚು ಕಟ್ಟದೇ ಮದುವೆ ಆಗ್ತಿತ್ತಾ? ಅದೇ ಎಚ್‌ಎಂಟಿ ಕಣ್ಣು ಕಾಣದೋರಿಗೆ ಅಂತ ಬ್ರೈಲ್ ವಾಚೂ ಮಾಡ್ತಿತ್ತು. ಗಾಜಿನ ಮುಚ್ಚಳ ಎತ್ತಿ, ಮುಳ್ಳನ್ನ ಬೆರಳಲ್ಲಿ ಮುಟ್ಟಿ ಟೈಮು ನೋಡೋ ವಾಚು. ಅದನ್ನ ಕಟ್ಕೊಂಡೋರನ್ನ ನೋಡಿ ಜನ "ಭೇಷ್" ಅಂತಿದ್ರೇ ಹೊರತು ನಗ್ತಿರಲಿಲ್ಲ.

ಕನ್ನಡಕದ ಕಥೇನೂ ಹಾಗೇ. ಹುಡುಗಿ ನೋಡೋಕೆ ಬಂದಾಗ ಕನ್ನಡಕ ತೆಗೆದಿಟ್ಟು, ಕಾಫಿ ಲೋಟ ತಡವರಿಸ್ಕೊಂಡು ತಂದ ಹೆಣ್ಣುಮಕ್ಕಳು ನಮ್ಮ ತಲೆಮಾರಿನಲ್ಲೇ ಎಷ್ಟು ಜನ ಇಲ್ಲ! ಈಗ ಬಸವೇಶ್ವರನಗರದ ಅಂಗಡಿಗಳಲ್ಲಿ ಪವರ್ ಇಲ್ಲದೇ ಇರೋರೂ ಅಂದಕ್ಕೆ ಫ್ರೇಮು ಕೊಳ್ತಾರೆ. ಕಣ್ಣಿನ ನಾಚಿಕೆ ಹೋಯ್ತು. ಕಿವೀದು ಯಾಕೆ ಹೋಗಲಿಲ್ಲ?

ನನಗೆ ಅನ್ಸೋದು, ನಾವು ಕಣ್ಣು ಕಾಣದೋರನ್ನ ನೋಡಿ ಅಯ್ಯೋ ಅಂತೀವಿ, ಕಿವಿ ಕೇಳದೋರನ್ನ ನೋಡಿ ನಗ್ತೀವಿ. ನಾಟಕದಲ್ಲಿ, ಸಿನಿಮಾದಲ್ಲಿ ಕಿವುಡರ ಪಾತ್ರ ಅಂದ್ರೆ ನಗಿಸೋಕೇ ಇರೋದು. ಒಂದು ಕೇಳಿದ್ರೆ ಇನ್ನೊಂದು ಹೇಳ್ತಾರೆ, ಎಲ್ಲರೂ ಹೋ ಅಂತಾರೆ. ಮನೇಲೂ ಅದೇ ನಾಟಕ ನಡೆಯುತ್ತೆ. ಆದ್ರೆ ಅಲ್ಲಿ ನಗೋಕೆ ಏನೂ ಇಲ್ಲ. ವಯಸ್ಸಾದ ಕಿವಿ ಮೊದಲು ಕಳ್ಕೊಳ್ಳೋದು ಮೇಲಿನ ಶ್ರುತಿಯ ಸಣ್ಣ ಶಬ್ದಗಳನ್ನ. ಆ, ಓ, ಊ ಅನ್ನೋ ಸ್ವರಗಳು ಕೆಳಗಿನ ಶ್ರುತಿಯವು, ಜೋರಾಗೂ ಇರ್ತವೆ, ಅವು ಕೇಳಿಸ್ತವೆ. ಸ, ಶ, ತ, ಕ, ಪ ಇವೆಲ್ಲ ಮೆತ್ತಗಿನವು, ಮೊದಲು ಜಾರಿ ಹೋಗ್ತವೆ. ಅದಕ್ಕೇ "ಕಾಯಿ ತನ್ನಿ" ಅಂದ್ರೆ "ಯಾರ ತಾಯಿ?" ಅಂತಾರೆ. ಅವರಿಗೆ ಶಬ್ದ ಬಂದಿದೆ, ಮಾತು ಬಂದಿಲ್ಲ. ನಾವು ಕಿರಿಚಿದ್ರೆ ಬರೀ ಸ್ವರ ದೊಡ್ಡದಾಗುತ್ತೆ, ವ್ಯಂಜನ ಅಲ್ಲೇ ಇರುತ್ತೆ. ಅವರಿಗೆ ಕಾಣೋದು ಮಾತ್ರ ನಮ್ಮ ಸಿಟ್ಟಿನ ಮುಖ.

ನಮ್ಮ ಮಾವನೋರ ಕಿವಿ ಬರೀ ವಯಸ್ಸಿಗೆ ಹೋಗಿದ್ದಲ್ಲ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ಪವರ್ ಪ್ರೆಸ್ ಪಕ್ಕ ನಿಂತು ಕೆಲಸ ಮಾಡಿದೋರು. ಆ ಕಾಲದಲ್ಲಿ ಕಿವಿಗೆ ಹತ್ತಿ ಇಟ್ಕೊಂಡ್ರೂ "ಏನಯ್ಯಾ ಹೆಂಗಸರ ಥರ" ಅಂತಿದ್ರಂತೆ. ರಾಜಾಜಿನಗರ ಇಂಡಸ್ಟ್ರಿಯಲ್ ಟೌನು, ಕಾಮಾಕ್ಷಿಪಾಳ್ಯ, ಪೀಣ್ಯ ಕಡೆ ಹೀಗೆ ದುಡಿದ ಗಂಡಸರು ನಮ್ಮ ಬೀದಿಗೆ ಇಬ್ಬರು ಮೂವರು ಸಿಗ್ತಾರೆ. ಮನೆ ಕಟ್ಟಿದ್ದು, ಮಕ್ಕಳನ್ನ ಓದಿಸಿದ್ದು ಎಲ್ಲಾ ಆ ಸದ್ದಿನ ದುಡ್ಡಲ್ಲೇ. ಕಿವಿ ಅದಕ್ಕೆ ಕೊಟ್ಟ ಬಡ್ಡಿ.

ಮಿಷನ್ ತಂದ ಮೇಲೆ ಒಂದು ತಿಂಗಳು ಹಾಕ್ಕೊಂಡ್ರು. ಶುರುವಿನಲ್ಲಿ ಕಷ್ಟಾನೇ. ವರ್ಷಗಟ್ಟಲೆ ಕೇಳದೇ ಇದ್ದ ಸದ್ದೆಲ್ಲ ಒಟ್ಟಿಗೆ ಮೇಲೆ ಬೀಳುತ್ತೆ: ಕುಕ್ಕರ್ ಸೀಟಿ, ಒಗ್ಗರಣೆ ಚಟಪಟ, ಪ್ಲಾಸ್ಟಿಕ್ ಕವರಿನ ಪರಪರ. ಇದಕ್ಕೆ ಹೊಂದಿಕೊಳ್ಳಬೇಕಾದ್ದು ಕಿವಿ ಅಲ್ಲ, ಮಿದುಳು. ವಾರಗಳು ಬೇಕು. ಅಷ್ಟರಲ್ಲಿ ನೆಂಟರ ಒಂದು ಮದುವೆ ಬಂತು. ಛತ್ರ ಅಂದ್ರೆ ಹಿಯರಿಂಗ್ ಏಡ್‌ಗೆ ಅತಿ ಕೆಟ್ಟ ಜಾಗ. ಡೋಲು, ನಾಗಸ್ವರ, ಮೈಕು, ಗೋಡೆಯಿಂದ ಗೋಡೆಗೆ ಬಡಿಯೋ ಪ್ರತಿಧ್ವನಿ. ಪಂಕ್ತೀಲಿ ಪಕ್ಕ ಕೂತಿದ್ದೋರೊಬ್ಬರು ಅದನ್ನ ನೋಡಿ, "ಏನ್ರೀ, ನೀವೂ ಬ್ಲೂಟೂತ್ ಹಾಕ್ಕೊಂಡ್ಬಿಟ್ರಾ?" ಅಂದ್ರು. ನಾಲ್ಕು ಜನ ನಕ್ಕರು. ಕೆಟ್ಟ ಮನಸ್ಸಿಂದ ಅಂದಿದ್ದೇನಲ್ಲ. ಆದರೆ ಮನೆಗೆ ಬಂದ ಮೇಲೆ ಮಿಷನ್ ಡಬ್ಬಿ ಸೇರಿತು. ಆಮೇಲೆ ಒಂದೊಂದೇ ಮದುವೆಗೆ "ಕಾಲು ನೋವು" ಶುರುವಾಯ್ತು. ನಾಮಕರಣಕ್ಕೆ ಕಾಲು ನೋವು, ಗೃಹಪ್ರವೇಶಕ್ಕೆ ಕಾಲು ನೋವು. ಬೆಳಗ್ಗೆ ಹಾಲು ತರೋಕೆ ಮಾತ್ರ ಕಾಲು ಚೆನ್ನಾಗೇ ಇರುತ್ತೆ.

ವಿಷಯ ಸಣ್ಣದಲ್ಲ ಅನ್ನೋದು ಇದಕ್ಕೇ. ಹಿಯರಿಂಗ್ ಏಡ್‌ನಿಂದ ಉಪಯೋಗ ಆಗಬಹುದಾದೋರಲ್ಲಿ 100ಕ್ಕೆ ಸುಮಾರು 17 ಜನ ಮಾತ್ರ ಅದನ್ನ ಬಳಸ್ತಿದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ತನ್ನ 2021ರ ವರದಿಯಲ್ಲಿ ಹೇಳಿದೆ. ದುಡ್ಡು ಒಂದು ಕಾರಣ ಖಂಡಿತ. ಹತ್ತು ಹದಿನೈದು ಸಾವಿರದಿಂದ ಶುರುವಾಗಿ ಲಕ್ಷ ದಾಟೋವರೆಗೂ ಇದೆ. ಆದ್ರೆ ದುಡ್ಡು ಕೊಟ್ಟು ತಂದಿಟ್ಟ ಮಿಷನ್ ಬೀರು ಸೇರೋಕೆ ಕಾರಣ ಬೇರೆ. ಕಿವಿ ಮಂದ ಆಗಿ, ಜನರ ಜೊತೆ ಮಾತು ಕಮ್ಮಿಯಾಗಿ, ಒಂಟಿಯಾಗಿ ಕೂತೋರಿಗೆ ಮರೆವಿನ ಕಾಯಿಲೆ ಬರೋ ಸಾಧ್ಯತೆ ಹೆಚ್ಚು ಅಂತ 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ ಕೂಡ ಎಚ್ಚರಿಸಿದೆ. ತಡೆಯಬಹುದಾದ ಕಾರಣಗಳ ಪಟ್ಟೀಲಿ ಕಿವಿಗೆ ದೊಡ್ಡ ಜಾಗ ಕೊಟ್ಟಿದೆ. ನಾವು ಛತ್ರದಲ್ಲಿ ನಕ್ಕ ಒಂದು ನಗು ಎಲ್ಲಿವರೆಗೂ ಹೋಗುತ್ತೆ ನೋಡಿ.

ಕಿವಿ ಒಂದೇ ಅಲ್ಲ. ನಮ್ಮ ಪರಿಚಯದೋರ ಮಗಳಿಗೆ ಚಿಕ್ಕಂದಿನಿಂದ ಟೈಪ್ ಒನ್ ಶುಗರ್. ತೋಳಿನ ಹಿಂಭಾಗದಲ್ಲಿ ಎರಡು ರೂಪಾಯಿ ನಾಣ್ಯದಷ್ಟಗಲ ಒಂದು ಸೆನ್ಸರ್ ಅಂಟಿಸ್ಕೋತಾಳೆ. ಹದಿನಾಲ್ಕು ದಿನ ಅದು ಚರ್ಮದ ಕೆಳಗಿಂದ ಸಕ್ಕರೆ ಅಳತೆ ಫೋನಿಗೆ ಕಳಿಸ್ತಿರುತ್ತೆ. ದಿನಕ್ಕೆ ಐದಾರು ಸಲ ಬೆರಳು ಚುಚ್ಚೋದು ತಪ್ಪಿದೆ, ರಾತ್ರಿ ಸಕ್ಕರೆ ಇಳಿದ್ರೆ ಎಚ್ಚರಿಸುತ್ತೆ. ಗಂಡಿನ ಕಡೆಯೋರು ಬರೋ ದಿನ ಉದ್ದ ತೋಳಿನ ರವಿಕೆ ಹಾಕ್ಕೋ ಅಂತ ದೊಡ್ಡೋರು ಹೇಳಿದ್ರಂತೆ. ಅವಳು, "ಇವತ್ತು ಸೆನ್ಸರ್ ಮುಚ್ತೀನಿ, ಮದುವೆ ಆದ ಮೇಲೆ ಇನ್ಸುಲಿನ್ ಎಲ್ಲಿ ಕೂತು ಚುಚ್ಕೊಳ್ಳಲಿ, ಬಚ್ಚಲಲ್ಲಾ?" ಅಂದಳು. ಸೆನ್ಸರ್ ಕಾಣೋ ಹಾಗೇ ಕೂತಳು. ಮದುವೆ ಆಯ್ತೋ ಇಲ್ವೋ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಅವಳ ಪ್ರಶ್ನೆಗೆ ಯಾರ ಹತ್ರಾನೂ ಉತ್ತರ ಇರಲಿಲ್ಲ ಅನ್ನೋದು ಮುಖ್ಯ.

ಇದರ ಪಕ್ಕದಲ್ಲಿ ನಮ್ಮ ಪಾರ್ಕಿನ ವಾಕಿಂಗ್ ಗುಂಪನ್ನ ಇಟ್ಟು ನೋಡಿ. ಬೆಳಗ್ಗೆ ಆರಕ್ಕೇ ಸ್ಮಾರ್ಟ್ ವಾಚು ತೋರಿಸ್ಕೊಂಡು "ನಂದು ಇವತ್ತು ಹತ್ತು ಸಾವಿರ ಆಯ್ತು", "ನನ್ನ ಹಾರ್ಟ್ ರೇಟ್ 68" ಅಂತ ಲೆಕ್ಕ ಒಪ್ಪಿಸ್ತಾರೆ. ಆ ಹತ್ತು ಸಾವಿರ ಹೆಜ್ಜೆ ಅನ್ನೋದು ವೈದ್ಯರು ಹೇಳಿದ್ದೂ ಅಲ್ಲ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರು. ಇರಲಿ, ನಡೆಯೋದು ಒಳ್ಳೇದೇ. ನಾನು ಹೇಳೋದು ಏನಂದ್ರೆ, ಗುಂಡಿಗೆ ಬಡಿತ ಊರಿಗೆಲ್ಲ ತೋರಿಸೋಕೆ ನಾಚಿಕೆ ಇಲ್ಲ, ಕಿವಿ ಟೆಸ್ಟಿನ ರಿಪೋರ್ಟು ಮಾತ್ರ ಮಡಿಚಿ ಬೀರುವಿಗೆ. ಆರೋಗ್ಯ ಚೆನ್ನಾಗಿದೆ ಅಂತ ತೋರಿಸೋ ಮಿಷನ್ ಒಡವೆ, ಕೊರತೆ ತುಂಬೋ ಮಿಷನ್ ಕಳಂಕ. ನಿಜವಾಗಿ ನೋಡಿದ್ರೆ ಎರಡನೇದೇ ಹೆಚ್ಚು ಕೆಲಸ ಮಾಡ್ತಿರೋದು.

ಈಗ ಮಗನ ಕಡೆ ಬರೋಣ. ಇಯರ್‌ಬಡ್ ಹಾಕ್ಕೊಳ್ಳೋ ಎಲ್ಲರನ್ನೂ ಬೈಯೋಕೆ ನಾನು ಕೂತಿಲ್ಲ. ಬಸ್ಸಿನಲ್ಲಿ ಜೋರಾಗಿ ಹಾಡು ಹಾಕೋರ ಕಾಟ ತಡೆಯೋಕಾಗದೇ 2021ರ ನವೆಂಬರ್‌ನಲ್ಲಿ ಹೈಕೋರ್ಟ್ ಆದೇಶದ ಮೇಲೆ ಕೆಎಸ್‌ಆರ್‌ಟಿಸಿ, ಮೊಬೈಲ್ ಸ್ಪೀಕರ್‌ನಲ್ಲಿ ಹಾಡು, ವಿಡಿಯೋ ಹಾಕೋ ಹಾಗಿಲ್ಲ ಅಂತ ನಿಯಮ ಮಾಡಿತು. ಅಲ್ಲಿ ಕಿವಿಗೆ ಹಾಕ್ಕೊಳ್ಳೋದೇ ಮರ್ಯಾದೆ. ಹೆಣ್ಣುಮಕ್ಕಳು ಎಷ್ಟೋ ಸಲ ಹಾಡೇ ಹಾಕ್ಕೊಳ್ಳದೇ ಬರೀ ಬಿರಡೆ ಇಟ್ಕೊಂಡಿರ್ತಾರೆ, ಪಕ್ಕದೋನು ಮಾತಿಗೆ ಎಳೀದಿರಲಿ ಅಂತ. ಅದು ಬಾಗಿಲಿಗೆ ಚಿಲಕ ಹಾಕ್ಕೊಂಡ ಹಾಗೆ. ಚಿಲಕ ಬೇಕು. ಆದ್ರೆ ಮನೆ ಒಳಗೆ, ಊಟದ ತಟ್ಟೆ ಮುಂದೆ, ಅಜ್ಜನ ಎದುರಿಗೆ ಚಿಲಕ ಯಾಕೆ? ಅಂಗಡಿ ಹುಡುಗ "ಚಿಲ್ಲರೆ ಇದೆಯಾ" ಅಂತ ಮೂರು ಸಲ ಕೇಳಿದ್ರೂ ಬಿರಡೆ ತೆಗೀದೇ ಫೋನು ತೋರಿಸೋದು ಯಾವ ಸಂಸ್ಕಾರ?

ಇನ್ನೊಂದು ಲೆಕ್ಕ ಈ ಮಕ್ಕಳಿಗೆ ಹೇಳಬೇಕು. ಕಿವಿಗೆ ಸುರಕ್ಷಿತ ಅಂತ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರೋ ಮಿತಿ, 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ. 90 ಡೆಸಿಬಲ್‌ಗೆ ಏರಿಸಿದ್ರೆ ಬರೀ 4 ಗಂಟೆ. ಲೋಕದಲ್ಲಿ 100 ಕೋಟಿಗೂ ಹೆಚ್ಚು ಯುವಕ ಯುವತಿಯರು ಹೀಗೆ ಕಿವಿ ಕೆಡಿಸ್ಕೊಳ್ಳೋ ಅಪಾಯದಲ್ಲಿದಾರಂತೆ. ಅಂದ್ರೆ ಇವತ್ತು ಬಿರಡೆ ಹಾಕಿದ ಕಿವಿಗೇ ನಾಳೆ ಹಿಯರಿಂಗ್ ಏಡ್ ಬೇಕಾಗಬಹುದು. ಅಜ್ಜ ಪ್ರೆಸ್ಸಿನ ಪಕ್ಕ ನಿಂತು ಕಳ್ಕೊಂಡಿದ್ದನ್ನ ಮೊಮ್ಮಗ ಕಾಸು ಕೊಟ್ಟು ಕಳ್ಕೋತಾನೆ.

ಈ ಎರಡು ಕಿವಿಗಳ ಕಥೆ ನಮ್ಮ ಬೆಂಗಳೂರಿನಲ್ಲೇ ಒಂದು ಸಲ ಚೆನ್ನಾಗಿ ಕೂಡಿಕೊಂಡಿತ್ತು. 2024ರಲ್ಲಿ ಆಪಲ್ ಕಂಪನಿ ತನ್ನ ಏರ್‌ಪಾಡ್ಸ್ ಪ್ರೋ ಇಯರ್‌ಬಡ್ಡನ್ನೇ ಹಿಯರಿಂಗ್ ಏಡ್ ಥರ ಬಳಸೋ ಸೌಲಭ್ಯ ತಂತು. ಅಮೆರಿಕದ ಔಷಧ ಇಲಾಖೆ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದ್ರೆ ಆಗ ಇಂಡಿಯಾದಲ್ಲಿ ಅದು ತೆರೆದಿರಲಿಲ್ಲ, ಎಲ್ಲಿದೀವಿ ಅಂತ ನೋಡಿ ಬೀಗ ಹಾಕ್ತಿತ್ತು. ಬೆಂಗಳೂರಿನ ಕೆಲವು ಹುಡುಗರು ತಮ್ಮ ಅಜ್ಜಿಯರಿಗೆ ಅಂತ ಕೊಂಡಿದ್ದೋರು ಸುಮ್ನಿರಲಿಲ್ಲ. ಅಲ್ಯೂಮಿನಿಯಂ ಹಾಳೆ, ತಾಮ್ರದ ಬಲೆ ಸುತ್ತಿದ ಪೆಟ್ಟಿಗೆ, ಜೊತೆಗೊಂದು ಮೈಕ್ರೋವೇವ್ ಓವನ್ ಇಟ್ಕೊಂಡು, ಹೊರಗಿನ ಸಿಗ್ನಲ್ ಎಲ್ಲಾ ತಡೆದು, ಸಾಧನ ಅಮೆರಿಕದಲ್ಲಿದೆ ಅಂತ ಅದಕ್ಕೇ ನಂಬಿಸಿ ಬೀಗ ತೆಗೆದ್ರು. ಪೇಪರಿನಲ್ಲೆಲ್ಲ ಅವರ ಜಾಣತನದ ಸುದ್ದಿ ಬಂತು. ನನಗೆ ಜಾಣತನಕ್ಕಿಂತ ಹಿಡಿಸಿದ್ದು ಬೇರೆ. ಮೊಮ್ಮಕ್ಕಳ ಕಿವೀಲಿರೋದೇ ಅಜ್ಜಿ ಕಿವೀಲೂ ಇದ್ರೆ, ಯಾರು ಯಾರನ್ನ ನೋಡಿ ನಗ್ತಾರೆ? ತೀರಾ ಕೇಳಿಸದೇ ಇರೋರಿಗೆ ಅದು ಸಾಲದು, ಸ್ವಲ್ಪ ಮಂದ ಇರೋರಿಗೆ ಮಾತ್ರ. ಹಾಗಾಗಿ ಅದನ್ನೇ ಕೊಳ್ಳಿ ಅಂತ ನಾನು ಹೇಳ್ತಿಲ್ಲ. ನಾಚಿಕೆ ಅನ್ನೋದು ಎಷ್ಟು ತೆಳು ಪರದೆ ಅನ್ನೋಕೆ ಇದು ಸಾಕ್ಷಿ.

ಎಲ್ಲಾ ಮಿಷನ್ನೂ ಒಪ್ಕೊಳ್ಳಿ ಅಂತಾನೂ ಅಲ್ಲ. ಮೂರನೇ ಜಾತೀದು ಒಂದಿದೆ: ಎದುರಿಗಿರೋರಿಂದ ಕೇಳದೇ ತಗೊಳ್ಳೋದು. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ಎಫ್‌ಡಿಎ ಪರೀಕ್ಷೆಯಲ್ಲಿ ಬ್ಲೂಟೂತ್ ಇಟ್ಕೊಂಡು ಉತ್ತರ ಬರೆಯೋರು ಸಿಕ್ಕಿಬಿದ್ದ ಮೇಲೆ, ಮುಂದಿನ ಪರೀಕ್ಷೆಗೆ ಮಂಗಳಸೂತ್ರ, ಕಾಲುಂಗುರ ಬಿಟ್ಟು ಬೇರೆ ಒಡವೆ ಬೇಡ ಅಂದ್ರು. ಓದಿ ಬಂದ ಬಡವರ ಮಕ್ಕಳ ಕೆಲಸಾನೇ ಕದಿಯೋ ಮಿಷನ್ ಅದು, ತಡೀಲೇಬೇಕು. ಆಮೇಲೆ ಕ್ಯಾಮೆರಾ ಕನ್ನಡಕ. 2025ರ ಮೇ ತಿಂಗಳಲ್ಲಿ ಮೆಟಾ ಕಂಪನಿಯ ರೇಬ್ಯಾನ್ ಕನ್ನಡಕ ಇಂಡಿಯಾಕ್ಕೆ ಬಂತು. ನೋಡೋಕೆ ಮಾಮೂಲಿ ಕೂಲಿಂಗ್ ಗ್ಲಾಸು, ಫೋಟೋ ವಿಡಿಯೋ ತೆಗೆಯುತ್ತೆ, ತೆಗೆಯುವಾಗ ಮೂಲೇಲಿ ಒಂದು ಸಣ್ಣ ದೀಪ ಹತ್ತುತ್ತೆ. ಅದೇ ತಿಂಗಳು ನಮ್ಮ ಮೆಟ್ರೋದಲ್ಲಿ ಹೆಣ್ಣುಮಕ್ಕಳ ವಿಡಿಯೋ ಗೊತ್ತಿಲ್ಲದ ಹಾಗೆ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದ ಆರೋಪದ ಮೇಲೆ ಒಬ್ಬನನ್ನ ಪೊಲೀಸರು ಬಂಧಿಸಿದ್ರು. ಅದು ಫೋನಿನಲ್ಲಿ ತೆಗೆದಿದ್ದು. ಫೋನಾದ್ರೆ ಎತ್ತಿ ಹಿಡಿದಾಗ ಗೊತ್ತಾದ್ರೂ ಆಗುತ್ತೆ. ಮೂಗಿನ ಮೇಲೆ ಕೂತಿರೋದು ಹೇಗೆ ಗೊತ್ತಾಗಬೇಕು? ಮಧ್ಯಾಹ್ನದ ಬಿಸಿಲಲ್ಲಿ ಆ ದೀಪ ಯಾರು ಹುಡುಕ್ತಾರೆ?

ಇದಕ್ಕೆ ನಮ್ಮಲ್ಲಿ ಹೊಸ ಕಾನೂನೇ ಬರಲಿ ಅಂತ ಕಾಯಬೇಕಿಲ್ಲ, ಹಳೇ ಪದ್ಧತಿ ಇದೆ. ಮನೆಗೆ ಬಂದೋರು ಚಪ್ಪಲಿ ಎಲ್ಲಿ ಬಿಡ್ತಾರೆ? ಬಾಗಿಲ ಹೊರಗೆ. ಅರಿಶಿನ ಕುಂಕುಮಕ್ಕೋ, ಸೀಮಂತಕ್ಕೋ ಬಂದಾಗ ಹೆಂಗಸರು ನಾಲ್ಕು ಮಾತು ಬಿಚ್ಚಿ ಆಡ್ತಾರೆ, ಬಾಣಂತಿ ಮಗೂಗೆ ಹಾಲು ಕೊಡ್ತಿರ್ತಾಳೆ. ಅಲ್ಲಿಗೆ ಕ್ಯಾಮೆರಾ ಕನ್ನಡಕ ಚಪ್ಪಲಿ ಇದ್ದ ಹಾಗೆ, ಹೊರಗೇ ಇರಲಿ. "ಸ್ವಲ್ಪ ತೆಗೆದಿಡಪ್ಪಾ" ಅನ್ನೋದು ಅವಮಾನ ಅಲ್ಲ, ಮನೆ ಮರ್ಯಾದೆ.

ನನ್ನ ಪ್ರಕಾರ ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಮಿಷನ್ ಇವರನ್ನ ನನ್ನ ಹತ್ರ ತರ್ತಿದೆಯಾ, ದೂರ ಮಾಡ್ತಿದೆಯಾ, ಇಲ್ಲಾ ನನ್ನಿಂದ ಏನಾದ್ರೂ ಕದೀತಿದೆಯಾ? ಹತ್ರ ತರೋದಾದ್ರೆ ಅದರ ಬಗ್ಗೆ ಮಾತೇ ಬೇಡ, ಮೂಗುತಿ ಇದ್ದ ಹಾಗೆ ಇದೆ ಅಂದ್ಕೊಳ್ಳಿ. ದೂರ ಮಾಡೋದಾದ್ರೆ, ಜನ ಎದುರಿಗೆ ಬಂದಾಗ ತೆಗೀರಿ. ಕದಿಯೋದಾದ್ರೆ ಬಾಗಿಲ ಹೊರಗೆ.

ಇನ್ನು ಹಿಯರಿಂಗ್ ಏಡ್ ಹಾಕ್ಕೊಂಡೋರು ಸಿಕ್ಕಾಗ ಮಾಡಬೇಕಾದ್ದು ತುಂಬಾ ಸುಲಭ. ಹಿಂದಿನಿಂದ ಕೂಗಬೇಡಿ, ಎದುರಿಗೆ ಬಂದು ಮುಖ ಕಾಣೋ ಹಾಗೆ ಮಾತಾಡಿ. ಜೋರಾಗಿ ಬೇಡ, ನಿಧಾನವಾಗಿ. ಅರ್ಥ ಆಗದಿದ್ರೆ ಅದೇ ಮಾತನ್ನ ಬೇರೆ ಪದದಲ್ಲಿ ಹೇಳಿ. "ಏನಿಲ್ಲ ಬಿಡಿ" ಅಂತ ಮಾತ್ರ ಅನ್ನಬೇಡಿ. ಮಾತು ಕೇಳಿಸದಿದ್ದಕ್ಕಿಂತ ಆ ಎರಡು ಪದ ಅವರನ್ನ ಹೆಚ್ಚು ನೋಯಿಸುತ್ತೆ. ಮಿಷನ್ ತಗೊಳ್ಳೋ ಮುಂಚೆ ಸರಿಯಾಗಿ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರೀಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಇದೇ ಕೆಲಸ ಮಾಡ್ತಿದೆ. ಬಡತನದ ರೇಖೆಗಿಂತ ಕೆಳಗಿರೋ ಹಿರಿಯರಿಗೆ 2017ರಲ್ಲಿ ಶುರುವಾದ ಕೇಂದ್ರದ ವಯೋಶ್ರೀ ಯೋಜನೇಲಿ ಹಿಯರಿಂಗ್ ಏಡ್ ಉಚಿತವಾಗೂ ಸಿಗುತ್ತೆ.

ಮುಂದಿನ ತಿಂಗಳು ಮತ್ತೆ ಮದುವೆ ಸೀಸನ್. ಪಂಕ್ತೀಲಿ ನಿಮ್ಮ ಪಕ್ಕ ಯಾರಾದ್ರೂ ಕಿವಿ ಹಿಂದೆ ಮಿಷನ್ ಹಾಕ್ಕೊಂಡು ಕೂತ್ರೆ, ಅವರು ಎಷ್ಟು ಧೈರ್ಯ ಮಾಡಿ ಮನೆಯಿಂದ ಹೊರಟಿರ್ತಾರೆ ಅಂತ ಒಂದು ನಿಮಿಷ ಯೋಚಿಸಿ. ಮಿಷನ್ ಬಗ್ಗೆ ಏನೂ ಕೇಳಬೇಡಿ. ಸ್ಪೀಕರ್‌ಗೆ ಬೆನ್ನು ಮಾಡಿ, ಅವರ ಕಡೆ ತಿರುಗಿ ಕೂತು, ಹೋಳಿಗೆಗೆ ತುಪ್ಪ ಬೇಕಾ ಹಾಲು ಬೇಕಾ ಅಂತ ಕೇಳಿ.